ಬಕೆಟ್‌ನಲ್ಲಿರುವ ಎರಡು ಬಾರ್ಬ್‌ಗಳು

ರೀ,

ಬಚ್ಚಲಲ್ಲಿರುವ ನೀಲಿ ಬಕೆಟ್ ಚೆಲ್ಲಬೇಡಿ. ನೀವು ಮೊನ್ನೆ ತಂದ ಎರಡು ಟೈಗರ್ ಬಾರ್ಬ್ ಮೀನುಗಳು ಅದರಲ್ಲಿವೆ. ಅವುಗಳ ಜೊತೆ ಬಿಟ್ಟರೆ ನಮ್ಮ ಏಂಜೆಲ್ ಮೀನು ಉಳಿಯುವುದಿಲ್ಲ. ಅದರ ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಉದ್ದನೆಯ ಎಳೆಯಂಥ ರೆಕ್ಕೆಗಳಲ್ಲಿ ಒಂದನ್ನು ಆಗಲೇ ಅರ್ಧಕ್ಕೆ ಕಚ್ಚಿ ಹಾಕಿವೆ. ಕಾಟ ತಪ್ಪಿದರೆ ಮತ್ತೆ ಬೆಳೆಯುತ್ತದೆ.

ನಿನ್ನೆಯ ಚೀಟಿಯಲ್ಲಿ "ಮೂರೂ ಅಣ್ಣತಮ್ಮಂದಿರ ಹಾಗಿವೆ, ನಿಂಗೆ ಎಲ್ಲದರಲ್ಲೂ ಅನುಮಾನ" ಅಂತ ಬರೆದಿದ್ದೀರಿ. ನೀವು ರಾತ್ರಿ ಪಾಳಿ ಮುಗಿಸಿ ಬಂದಾಗ ಅಕ್ವೇರಿಯಂ ಲೈಟು ಆರಿರುತ್ತದೆ, ಮೀನುಗಳೂ ಮಂಪರಿನಲ್ಲಿರುತ್ತವೆ. ಸಂಜೆ ನಾನು ಬಂದು ಲೈಟು ಹಾಕಿದ ಮೇಲೆ ಅಟ್ಟಾಡಿಸುವುದು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನೀವು ಹೊರಟಾಗಿರುತ್ತದೆ. ಚೀಟಿಯಲ್ಲಿ ಜಗಳ ಆಡುವಷ್ಟು ಶಕ್ತಿ ನನಗಿಲ್ಲ.

ಮೀನಿನ ಅಂಗಡಿ ತೆರೆಯುವವರೆಗೆ ಮಲಗಬೇಡಿ, ಮಲಗಿದರೆ ಏಳುವುದಿಲ್ಲ. ಬಾರ್ಬ್ ವಾಪಸ್ ಕೊಡಿ. ಅಂಗಡಿಯವನು "ಇನ್ನೂ ನಾಲ್ಕು ತಗೊಂಡ್ಹೋಗಿ ಸಾರ್, ಅವವೇ ಕಿತ್ತಾಡ್ಕೊಂಡು ಇರ್ತವೆ" ಅನ್ನುತ್ತಾನೆ. ಹೂಂ ಅಂತ ತಲೆಯಾಡಿಸಿ ತಂದುಬಿಡಬೇಡಿ. ನಿಯಾನ್ ಟೆಟ್ರಾನೂ ಬೇಡ. ಏಂಜೆಲ್ ಬಾಯಿಗೆ ಹಿಡಿಸುವಷ್ಟು ಸಣ್ಣವು, ತಿಂದುಬಿಡುತ್ತದೆ. ತಳದಲ್ಲೇ ಓಡಾಡಿಕೊಂಡಿರುವ ಕೋರಿಡೋರಾಸ್ ಕೇಳಿ, ಅವು ಯಾರ ತಂಟೆಗೂ ಹೋಗುವುದಿಲ್ಲ. ಗುಂಪಿನಲ್ಲಿ ಬಾಳುವ ಮೀನು, ಆರು ಕೊಡಲಿ.

ಕಣ್ಣು ಎಳೆಯುತ್ತಿರುತ್ತದೆ, ಗೊತ್ತು. ಅಂಗಡಿಯಿಂದ ಬಂದವರೇ ಮಲಗಿ. ಆಫೀಸಿನಲ್ಲಿ ಇವತ್ತು ಒಂದು ಗಂಟೆ ಮೊದಲೇ ಹೊರಡಲು ಪರ್ಮಿಷನ್ ಕೇಳುತ್ತೇನೆ. ನೀವು ಹೊರಡುವ ಮೊದಲು ಲೈಟು ಹಾಕಿ, ಒಮ್ಮೆ ಇಬ್ಬರೂ ಕೂತು ಮೀನು ನೋಡೋಣ.