ಅವ್ವ ಹೇಳದೆ ಇಟ್ಟಿದ್ದು

ಸಿಂಗಟಗೆರೆ
14-11-2024

ಭವ್ಯಳ ಅಪ್ಪನಿಗೆ,

ಗಡಿಯಲ್ಲಿ ಹಿಮ ಬೀಳೋಕೆ ಶುರುವಾಯ್ತಾ? ಕಳೆದ ಸಲ ಮಾತಾಡಿದಾಗ ಕೆಮ್ಮುತ್ತಿದ್ರಿ, ಅದು ಹೋಯ್ತೋ ಇಲ್ವೋ ಅಂತ ನಿಮ್ಮವ್ವ ದಿನಾ ಕೇಳ್ತಾರೆ. ಹತ್ತು ದಿನದಿಂದ ನಿಮ್ಮ ಫೋನ್ ಸಿಗ್ತಿಲ್ಲ, ಅದಕ್ಕೇ ಈ ಕಾಗದ. ಕೂತ್ಕೊಂಡು ಓದಿ, ಗಾಬರಿ ಆಗ್ಬೇಡಿ.

ಅವ್ವಂಗೆ ಹುಷಾರಿಲ್ಲ. ದಸರಾದಿಂದಲೇ ತೋಟದಿಂದ ಮನೆಗೆ ಬರೋದ್ರೊಳಗೆ ಎರಡು ಸಲ ಕೂತ್ಕೋತಿದ್ರು. ವಯಸ್ಸಾಯ್ತಲ್ಲ ಅಂತ ನಾನೂ ಸುಮ್ಮನಿದ್ದೆ, ತಪ್ಪು ನಂದೇ. ಹೋದ ವಾರ ಬಸ್‌ಸ್ಟ್ಯಾಂಡಲ್ಲಿ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ರು. ನೀರು ಕುಡಿಸಿ, ಕಡೂರು ಬಸ್ಸು ಹತ್ತಿಸಿ, ಅಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 6.1. ಹೆಂಗಸರಿಗೆ ಹನ್ನೆರಡಾದರೂ ಇರಬೇಕಂತೆ. ರಿಪೋರ್ಟಿನ ತುಂಬಾ ಕಡಿಮೆ, ಕಡಿಮೆ ಅಂತಲೇ ಗುರುತು. ಅವ್ವ ನನ್ನ ಮುಖ ನೋಡಿ, "ಫೇಲಾದ್ನೇನೇ?" ಅಂದ್ರು. ನಗೋಕೂ ಆಗ್ಲಿಲ್ಲ.

ಅಲ್ಲಿನ ಡಾಕ್ಟರ್ ಪಂಕಜಾಕ್ಷಿ ನಿಧಾನವಾಗಿ ಬಿಡಿಸಿ ಹೇಳಿದ್ರು. ರಕ್ತ ಕಡಿಮೆ ಇದೆ ಅಂತ ಟಾನಿಕ್ ಕುಡಿಸಿ ಸುಮ್ಮನಾಗೋ ಹಂಗಿಲ್ಲ, ಯಾಕೆ ಕಡಿಮೆ ಆಯ್ತು ಅಂತ ಹುಡುಕಬೇಕು. ಕೆಂಪು ಕಣಗಳು ಸಣ್ಣಗಾಗಿವೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಖಾಲಿಯಾಗಿದೆ. "ಮುಟ್ಟು ನಿಂತು ಹದಿನೈದು ವರ್ಷ ಆಯ್ತು ಅಂತೀರಿ. ಹಂಗಾದ್ರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರ್ತಿರಬಹುದು" ಅಂದು, ಮಲ ಕಪ್ಪಗೆ ಹೋಗ್ತಿದೆಯಾ ಅಂತ ಕೇಳಿದ್ರು. ಅವ್ವ ನೆಲ ನೋಡ್ಕೊಂಡೇ ಹೂಂ ಅಂದ್ರು. ನಾಲ್ಕು ತಿಂಗಳಿಂದ ಹಂಗೇ ಅಂತೆ! ಮಂಡಿನೋವಿಗೆ ಅಂಗಡಿ ಮಾತ್ರೆ ದಿನಾ ನುಂಗ್ತಿದ್ದದ್ದೂ ಆಗಲೇ ಗೊತ್ತಾಗಿದ್ದು. ಯಾಕೆ ಹೇಳಲಿಲ್ಲ ಅಂದ್ರೆ, "ಇಂಥದ್ದನ್ನೆಲ್ಲಾ ಹೆಂಗೇ ಹೇಳ್ಕಳಾದು" ಅಂದ್ರು. ಸಿಟ್ಟು ಬಂದು ಅಲ್ಲೇ ಬೈದುಬಿಟ್ಟೆ ಕಣ್ರೀ. ಆಮೇಲೆ ಸಂಕಟ ಆಯ್ತು.

ಅವರೇ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ರು, ಅಲ್ಲಿ ಎರಡು ಬಾಟಲಿ ರಕ್ತ ಹಾಕಿದ್ರು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಾಣಿಸ್ತು. ಮಾತ್ರೆಯಿಂದಲೇ ಇರಬಹುದಂತೆ, ಆದರೂ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಬರೋ ಮಂಗಳವಾರ ಗೊತ್ತಾಗುತ್ತೆ. ಅಲ್ಲಿವರೆಗೂ ನಂಗೆ ಅನ್ನ ಇಳಿಯಲ್ಲ. ಅವ್ವ ಮಾತ್ರ ನಿನ್ನೆ ಮನೆಗೆ ಬಂದವರೇ ಮುದ್ದೆ ಕೇಳಿದ್ರು.

ಭವ್ಯ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಕಿವಿ ಮುಚ್ಕೊಂಡು ಓಡಾಡು ಅಂತ ಅವ್ವ ಬರೆಸಿದ್ದಾರೆ.

ನಿಮ್ಮ
ಅಶ್ವಿನಿ

ತಾ.ಕ.: ಅಂಚೆ ಹೊರಡೋ ಹೊತ್ತಾಯ್ತು, ಬೇಗ ಬರೀತೀನಿ. ಅವ್ವಂಗೆ ಹಾಕಿದ ರಕ್ತಕ್ಕೆ ಬದಲಿ ಕೊಡೋಕೆ ನಾನೇ ಹೋಗಿದ್ದೆ. ಬೆರಳು ಚುಚ್ಚಿ ನೋಡಿ ವಾಪಸ್ ಕಳಿಸಿದ್ರು. ನಂದು 8.3. ಎರಡು ವರ್ಷದಿಂದ ಮುಟ್ಟಲ್ಲಿ ವಿಪರೀತ ಹೋಗ್ತಿತ್ತು, ನಿಮಗೂ ಹೇಳಿರಲಿಲ್ಲ. ರಜಾ ಸಿಗುತ್ತಾ ಕೇಳಿ ನೋಡಿ. ತಮ್ಮದೇ ಹುಣ್ಣಿನ ಸುದ್ದಿಗೆ ಅಳದ ಅವ್ವ ಇದನ್ನ ಕೇಳಿ ಅತ್ತುಬಿಟ್ರು. "ಮಂಗಳವಾರ ಆಸ್ಪತ್ರೆಲಿ ಮೊದಲು ನಿನ್ನ ಚೀಟಿ ಮಾಡ್ಸಾದು, ಆಮೇಲೆ ನಂದು" ಅಂದಿದ್ದಾರೆ.