ಡ್ರಮ್ಸ್ ಸುಮ್ಮನಿದ್ದ ಹಾಡು

ಆಗಸ್ಟ್ 22, ಶುಕ್ರವಾರ

ಕಾಲೇಜಿನ ರಾಕ್ ಕ್ಲಬ್‌ಗೆ ಸೆಲೆಕ್ಟ್ ಆದೆ!

ಆಡಿಷನ್‌ನಲ್ಲಿ ಉಳಿದ ಫಸ್ಟ್ ಇಯರ್‌ನವರೆಲ್ಲ ದೊಡ್ಡ ಬ್ಯಾಂಡ್‌ಗಳ ಹಾಡುಗಳನ್ನೇ ಕಿರುಚಿದರು. ಎಪ್ಪತ್ತರ ದಶಕದಲ್ಲಿ ಒಂದೇ ಗಿಟಾರ್ ಹಿಡಿದು ತಮ್ಮೊಳಗಿನದನ್ನು ಮೆಲ್ಲಗೆ ಹಾಡಿ ಗೆದ್ದವರನ್ನು ನೆನೆದು, ನಾನು ನನ್ನದೇ ಕನ್ನಡ ಹಾಡು ಹಾಡಿದೆ. ಹಾಸ್ಟೆಲ್‌ನಿಂದ ದಿನಾ ಅಮ್ಮನಿಗೆ ಫೋನಿನಲ್ಲಿ 'ಊಟ ಆಯ್ತು' ಎಂದು ಸುಳ್ಳು ಹೇಳುವ ಹಾಡು.

ಎರಡನೇ ಸಾಲಿಗೆ ಡ್ರಮ್ಸ್ ಸೇರಿಕೊಳ್ಳುವುದು ಕ್ಲಬ್ಬಿನ ಪದ್ಧತಿ. ಸೇರಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿಯೇ ಪೂರ್ತಿ ಹಾಡಿದೆ. ಕಣ್ಣು ಬಿಟ್ಟರೆ ಡ್ರಮ್ಸ್ ಬಾರಿಸುವ ಸೀನಿಯರ್ ಕೌಶಿಕ್ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನೂ ನನ್ನಂತೆ ಕನ್ನಡದವನೇ, ಆದರೆ ಮದ್ರಾಸಿನಲ್ಲಿ ಬೆಳೆದು ಮಾತಿನಲ್ಲಿ ತಮಿಳು ಬೆರೆಸುವವನು.

"ಯಾಕೆ ಬಾರಿಸ್ಲಿಲ್ಲ?" ಕೇಳಿದೆ.

"ಹಾಡಲ್ಲಿರೋ ಅಮ್ಮ ಪಾವಂ ಮಾ, ಪಾಪ, ಅವರ ಮೇಲೆ ಹೆಂಗ್ ಬಾರಿಸ್ಲಿ? ಯಾರ್ದು ಈ ಹಾಡು?"

"ನನ್ನದು!"

ಎಷ್ಟು ಜೋರಾಗಿ ಹೇಳಿದೆನೆಂದರೆ ಮೈಕೇ ಕಿರ್ರೆಂದಿತು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನನಗೆ! ಹಾಜರಿ ಕೂಗಿದಾಗಲೂ ಸ್ವರ ಹೊರಡದ ನನಗೆ!

ಈಗಷ್ಟೇ ಅಮ್ಮನ ಫೋನ್ ಬಂತು. "ಊಟ ಆಯ್ತಾ?"

"ಇಲ್ಲಮ್ಮ. ತುಂಬ ಹಸಿವಾಗ್ತಿದೆ."

ಅಮ್ಮ ನಕ್ಕೇಬಿಟ್ಟಳು. ಆಮೇಲೆ, "ಅಂತೂ ನಿಜ ಹೇಳಿದ್ಯಲ್ಲ ಮಾರಾಯ್ತಿ!"

ಅಂದರೆ ಇಷ್ಟು ದಿನವೂ ಅಮ್ಮನಿಗೆ ನನ್ನ ಸುಳ್ಳು ಗೊತ್ತೇ ಇತ್ತು!