ಸೊಸೆಗೆ ನಾನು ಹೇಳಿದ ಹೋಟೆಲು

ಮಗನೇ,

ಸತ್ತವರು ಕಾಗದ ಓದುವುದಿಲ್ಲವೆಂದು ಗೊತ್ತು. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇವತ್ತು ಸಂಜೆ ನಿನ್ನ ಹೆಂಡತಿ ಒಬ್ಬರ ಜೊತೆ ಊಟಕ್ಕೆ ಹೋಗಿದ್ದಳು. ಅವಳ ಶಾಲೆಯಲ್ಲೇ ಲೆಕ್ಕದ ಮೇಷ್ಟ್ರು. ಬೆಳಗ್ಗೆಯಿಂದ ಒಳಗೂ ಹೊರಗೂ ಓಡಾಡಿ, ಕೊನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತೆ, ಜಾಗ ನಾನೇ ಹೇಳ್ಬೇಕಂತೆ. ಆಡಂಬರ ಬೇಡವಂತೆ. ಎಲ್ಲಿಗೆ ಹೋಗ್ಲಿ?"

"ದೂರ ಯಾಕೆ? ಎದುರುಗಡೆ ಹೋಟೆಲಿಗೇ ಹೋಗು. ಗಲಾಟೆ ಇರಲ್ಲ, ಆರಾಮಾಗಿ ಕೂತು ಮಾತಾಡಬಹುದು."

"ನಿಮಗೆ ಬೇಜಾರಿಲ್ವಾ?"

"ಬೇಜಾರು ಯಾಕಮ್ಮ? ಬಾ, ತಲೆ ಬಾಚ್ತೀನಿ."

ಜಡೆ ನಾನೇ ಹೆಣೆದೆ. ಅವಳು ಹೋದಮೇಲೆ ದೀಪ ಹಚ್ಚದೆ ನಿನ್ನ ಕೋಣೆಯ ಕಿಟಕಿಯಲ್ಲಿ ನಿಂತೆ. ಇಬ್ಬರೂ ಹೋಟೆಲಿನ ಗಾಜಿನ ಪಕ್ಕದ ಮೇಜಿಗೇ ಬಂದು ಕೂತರು. ಮೊದಮೊದಲು ಅವಳು ತಲೆ ಎತ್ತಲಿಲ್ಲ. ಆಮೇಲೆ ಅವರೇನೋ ಹೇಳಿದರು. ಹೊಟ್ಟೆ ಹಿಡಿದುಕೊಂಡು ನಕ್ಕಳು ಕಣೋ. ಆ ನಗು ನಿನ್ನ ಜೊತೆಗೇ ಹೋಯಿತು ಅಂದುಕೊಂಡಿದ್ದೆ.

ನಾನು ಒಬ್ಬಳೇ ಬಡಿಸಿಕೊಂಡೆ. ದಿನವೂ ಊಟದ ಹೊತ್ತಿಗೆ ನಾವಿಬ್ಬರೂ ನಿನ್ನ ಮಾತೇ ಆಡುತ್ತಿದ್ದೆವು. ಇವತ್ತು ತಟ್ಟೆ ಹಾಗೇ ಮುಚ್ಚಿಟ್ಟೆ.

ಚಪ್ಪಲಿ ಬಿಡುತ್ತಲೇ ಅವಳು, "ಒಳ್ಳೇವ್ರು ಅತ್ತೆ. ಮುಂದಿನ ವಾರಾನೂ ಕರೆದಿದ್ದಾರೆ," ಅಂದಳು.

"ಹೋಗಿ ಬಾ," ಅಂದೆ.

ಹೀಗೇ ಹೋಗಿ ಬಾ ಅನ್ನುತ್ತಾ ಇರುತ್ತೇನೆ. ಒಂದು ದಿನ ಅವಳು ಹೋಗಿಯೇ ಬಿಡುತ್ತಾಳೆ. ಆಮೇಲೆ ಈ ಮನೆಯಲ್ಲಿ ನಿನ್ನ ಮಾತು ಎತ್ತಿದರೆ ಹೂಂ ಅನ್ನುವವರೂ ಇರುವುದಿಲ್ಲ.

ನಿನ್ನ ಅಮ್ಮ